ಕಮಲಿಯ ಮಗಳು

ಕೋಣೆಯೊಂದು ಸಿಕ್ಕಿದ ಕೂಡಲೇ ಇಬ್ಬರನ್ನೂ ಕರೆಸಿಕೊಳ್ಳುತ್ತೇನೆ ಎಂದು ದುರ್ಗ ಹೇಳಿದ್ದು ಕಾಸರಕೋಡಿನ ಧಕ್ಕೆಯಲ್ಲಿ. ಹೊನ್ನಾವರದ ದಡಕ್ಕೆ ಹೋಗುವ ದೋಣಿಯಲ್ಲಿ ಅವನ ಒಂದು ಕಾಲು, ಕೆಸರಿನಲ್ಲಿ ಇನ್ನೊಂದು. ಹೆಂಡತಿ ಗಣಪಿ ಮಗುವನ್ನು ಸೆರಗಿನೊಳಗೆ ಪೂರ್ತಿ ಮುಚ್ಚಿಕೊಂಡಿದ್ದಳು. ಒಂದು ಹಿಮ್ಮಡಿ ಮಾತ್ರ ಹೊರಗೆ ಕಾಣುತ್ತಿತ್ತು. "ಇಬ್ರನ್ನೂ" ಎಂದು ಅವನು ಮತ್ತೊಮ್ಮೆ ಕೂಗುವಾಗ ದೋಣಿ ಶರಾವತಿಯ ನಡುನೀರಿಗೆ ಬಂದಿತ್ತು. ಆ ಗಾಳಿಯಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಪಕ್ಕದಲ್ಲಿ ಕುಳಿತಿದ್ದ ಕುಮಟೆಯ ವ್ಯಾಪಾರಿಯೊಬ್ಬ ಕೇಳಿಸಿಕೊಂಡು, "ಬೊಂಬಾಯಿಗೆ ಹೋಗೋರೆಲ್ಲ ಇಲ್ಲೇ ಕೂಗೂದು ಮಾರಾಯಾ, ಈ ಹೊಳೆಗೆ ಎಲ್ಲ ಬಾಯಿಪಾಠ ಆಗೋಗಿದೆ" ಎಂದು ನಕ್ಕಿದ್ದ. ಅದಾಗಿ ಐದು ವರ್ಷ.

ಮಂಗಳವಾರ ಅವನ ರಜೆ. ಅವನು ಕೆಲಸ ಮಾಡುವ ಮಾಟುಂಗದ ಹೊಟೆಲಿನಲ್ಲಿ ರಾತ್ರಿ ಬಾಗಿಲು ಹಾಕಿದ ಮೇಲೆ ಆಳುಗಳು ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುತ್ತಾರೆ; ಬೆಳಕು ಹರಿಯುವ ಮೊದಲೇ ಹಾಸಿಗೆಯೆಲ್ಲ ಮತ್ತೆ ಮೇಜಾಗಿ, ಅವನ ತಲೆಯಿದ್ದ ಜಾಗದಲ್ಲಿ ಯಾರದೋ ಇಡ್ಲಿ ಬಂದು ಕೂರುತ್ತದೆ. ಆದ್ದರಿಂದ ಕೆಲಸವಿಲ್ಲದ ದಿನ ಅವನಿಗೆ ಇರುವುದಕ್ಕೊಂದು ಜಾಗವಿಲ್ಲ. ಒಳಗೆ ನಿಂತರೆ ಮಾಲೀಕರು, ರಜೆಯಲ್ಲವೇನೋ, ಹೋಗಿ ಊರು ನೋಡು ಎನ್ನುತ್ತಾರೆ; ಹಾಗೆನ್ನುತ್ತಲೇ ಒಂದು ಬಕೆಟು ನೀರು ತಂದಿಟ್ಟು ಹೋಗು ಎನ್ನುತ್ತಾರೆ. ಬೊಂಬಾಯಿಗೆ ಬಂದ ಹೊಸದರಲ್ಲಿ ಮಂಗಳವಾರಗಳನ್ನು ಅವನು ಸಮುದ್ರದ ಬದಿಗೆ ಹೋಗಿ ಕುಳಿತು ಕಳೆಯುತ್ತಿದ್ದ. ಆಮೇಲೆ ಕೆಲಸ ಹುಡುಕುವುದರಲ್ಲಿ ಕಳೆಯತೊಡಗಿದ. ಬೇರೆಯವರು ಹೆಚ್ಚು ಸಂಬಳದ ಕೆಲಸ ಹುಡುಕುತ್ತಿದ್ದರು. ಅವನು ಹುಡುಕುತ್ತಿದ್ದುದು ಇರಲು ಕೋಣೆ ಕೊಡುವ ಕೆಲಸ. ಎಲ್ಲಿ ಹೋದರೂ ಸಂಬಳದ ಮಾತಿಗೆ ಮೊದಲು ಅದನ್ನೇ ಕೇಳುತ್ತಿದ್ದ. ಮೊದಲು ಅದನ್ನು ಕೇಳಬಾರದು ಎಂದು ಅವನಿಗೆ ಗೊತ್ತಿತ್ತು. ಆದರೂ ಬಾಯಿಗೆ ಮೊದಲು ಬರುತ್ತಿದ್ದುದು ಅದೇ.

"ಇವತ್ತು ಯಾವ ದಿಕ್ಕಿಗೆ ದುರ್ಗಕ್ಕ?" ಎಂದ ನಾಗ. ಮುಟ್ಟಳ್ಳಿಯ ನಾಗ ಹೊಟೆಲಿನ ಅಡಿಗೆಯವನು. ದುರ್ಗ ಎಂಬುದು ಈ ಊರಿನಲ್ಲಿ ಹೆಂಗಸರ ಹೆಸರು ಎಂದು ಗಿರಾಕಿಯೊಬ್ಬ ನಕ್ಕ ದಿನದಿಂದ ನಾಗ ಅವನನ್ನು ಹಾಗೆಯೇ ಕರೆಯುತ್ತಿದ್ದ. ಕರೆದು ಬೇಜಾರಾಯಿತೇನೋ ಎನ್ನಿಸಿ, ತನ್ನ ಒಂದೇ ಒಳ್ಳೆಯ ಪ್ಯಾಂಟನ್ನು ಬಿಚ್ಚಿ ಕೊಡುತ್ತಲೂ ಇದ್ದ. "ಖಾರ್‌ನಲ್ಲಿ ಒಂದು ಮನೆ ಉಂಟಂತೆ, ಕಟ್ಟಡ ನೋಡ್ಕಳ್ಳೋ ಆಳು ಬೇಕಂತೆ. ಕುಮಟೆ ಕಡೆಯೋರು. ಕೋಣೆ ಕೊಡ್ತರಂತೆ. ಎಲ್ಲ 'ಅಂತೆ' ಮತ್ತೆ, ಆಮೇಲೆ ನನ್ನ ಬೈಬೇಡ. ಮಧ್ಯಾಹ್ನದ ಮೇಲೆ ಹೋಗು, ಬೆಳಿಗ್ಗೆ ಅವ್ರಿಗೆ ಪುರಸೊತ್ತಿಲ್ಲ." ಪ್ಯಾಂಟು ಸೊಂಟಕ್ಕೆ ದೊಡ್ಡದು, ಕಾಲಿಗೆ ಗಿಡ್ಡ. ದುರ್ಗ ಅದನ್ನು ಸುತಳಿಯಿಂದ ಬಿಗಿದು ಮೇಲೆ ಅಂಗಿ ಇಳಿಬಿಟ್ಟ. ಇನ್ನೊಬ್ಬನ ಪ್ಯಾಂಟು ಹಾಕಿಕೊಂಡಾಗ ನಡಿಗೆಯೂ ಅವನದೇ ಆಗುತ್ತದೆ ಎಂದು ದಾದರಿನವರೆಗೆ ನಡೆಯುವಾಗ ಅನ್ನಿಸಿತು. ನಾಗ ಕಾಲು ಅಗಲಿಸಿ ನಡೆಯುತ್ತಾನೆ. ತಾನೂ ಹಾಗೆಯೇ ನಡೆಯುತ್ತಿದ್ದೇನೆ.

ಪರೇಲಿನ ಕಾರ್ಖಾನೆಯ ಗೇಟಿನಲ್ಲಿ ಆಳುಗಳನ್ನು ಆರಿಸುವ ಮುಕಾದಮ ಸಾಲಿನಲ್ಲಿ ನಿಂತವರ ಮುಖ ನೋಡಲಿಲ್ಲ. ಕೈ ಚಾಚಲು ಹೇಳಿ ಅಂಗೈ ನೋಡುತ್ತ ಬಂದ. ಮುಂದಿನವನ ಅಂಗೈ ಕರಿಗಟ್ಟಿ ಒಡೆದಿತ್ತು. ದುರ್ಗನ ಅಂಗೈ ಬೆಳ್ಳಗೆ, ಬೆರಳ ತುದಿಗಳು ನೆನೆದು ಸುಕ್ಕಾಗಿ ಮುಳುಗಿ ಸತ್ತವನ ಕೈಯಂತಿದ್ದವು. ರಜೆಯ ದಿನವೂ ಅವು ಒಣಗುತ್ತಿರಲಿಲ್ಲ. "ಹೊಟೆಲ್?" ಎಂದ ಮುಕಾದಮ. ಗ್ಲಾಸು ತೊಳೆದ ಕೈ ಎಂದು ಅವನಿಗೆ ಹೇಗೆ ಗೊತ್ತಾಯಿತು? ಮಂಕಿಯಲ್ಲಿ ಗದ್ದೆ ನೆಡುವಾಗ ಗಣಪಿಯ ಕಾಲಬೆರಳುಗಳು ಹೀಗಾಗುತ್ತಿದ್ದವು. ಸಂಜೆ ಒಲೆಯ ಮುಂದೆ ಕಾಲು ಚಾಚಿ ಕುಳಿತು, ನೋಡಿ, ಮುದುಕಿ ಕಾಲು ಬಂತು ನಂಗೆ ಎನ್ನುತ್ತಿದ್ದಳು. ಅವನು ಕೈ ಹಿಂದಕ್ಕೆಳೆದುಕೊಳ್ಳುತ್ತ, ತನಗೆ ಬರುವ ಹರಕು ಮರಾಠಿಯಲ್ಲಿ, ಇರಲು ಖೋಲಿ ಸಿಗುತ್ತದೆಯೇ ಎಂದು ಕೇಳಿಯೇಬಿಟ್ಟ. ಮುಕಾದಮ ಮೊದಲ ಬಾರಿಗೆ ಮುಖ ನೋಡಿದ. ನೋಡಿ, ಹಿಂದಿನವರಿಗೆಲ್ಲ ಕೇಳುವಂತೆ, ಮಾವನ ಮನೆಗೆ ಬಂದಿದ್ದಾರೆ ಅಳಿಯಂದಿರು, ಹಾಸಿಗೆ ಹಾಸಿ ಎಂದ. ಸಾಲು ನಕ್ಕಿತು. ದುರ್ಗನೂ ನಕ್ಕ. ನಗದಿದ್ದರೆ ಭಾಷೆ ತಿಳಿಯದವನು ಎಂದುಕೊಂಡಾರು ಎಂದು ನಕ್ಕದ್ದು. ಆ ನಗು ಟ್ರಾಮಿನಲ್ಲಿ ಕೂತ ಮೇಲೂ ಮುಖದ ಮೇಲೆ ಒಣಗಿ ಅಂಟಿಕೊಂಡಂತಿತ್ತು.

ಕೋಟೆಯ ಕಡೆ ಒಂದು ದೊಡ್ಡ ಕಛೇರಿಯಲ್ಲಿ ಲಿಫ್ಟು ನಡೆಸುವವನು ಬೇಕೆಂದು ಯಾರೋ ಹೇಳಿದ್ದರು. ಅಲ್ಲಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ ಯಾವ ಜಿಲ್ಲೆ ಎಂದ. ಕಾರವಾರ ಜಿಲ್ಲೆ ಎಂದ ದುರ್ಗ. ಈ ಉತ್ತರವನ್ನು ಅವನು ಸ್ವಲ್ಪ ಧೈರ್ಯದಿಂದ ಹೇಳುತ್ತಿದ್ದ; ಯಾಕೆಂದರೆ ಹುಟ್ಟಿದಾಗಿನಿಂದ ಆ ಜಿಲ್ಲೆ ಬೊಂಬಾಯಿಯದೇ ಆಗಿತ್ತು. ಗುಮಾಸ್ತ ಬೇಸರವಿಲ್ಲದೆ ವಿವರಿಸಿದ: ನೀವೀಗ ಮೈಸೂರಿಗೆ ಸೇರಿದವರಲ್ಲವೇ, ಅಲ್ಲೇ ಕೇಳಬೇಕು. ದುರ್ಗ ಮೈಸೂರು ನೋಡಿದವನಲ್ಲ. ಯಾವತ್ತೋ ಯಾರೋ ಎಲ್ಲೋ ಗೆರೆ ಎಳೆದು ತನ್ನನ್ನು ಇಲ್ಲಿಂದ ಅಲ್ಲಿಗೆ ಎತ್ತಿ ಇಟ್ಟಿದ್ದರು. ಆ ದಿನ ತಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದ. ಎರಡನೆಯ ಕೂಸು ತೀರಿಕೊಂಡ ವರ್ಷವಿರಬೇಕು. ಹಾಗಿದ್ದರೆ ತೆಂಗಿನ ಬುಡದಲ್ಲಿ ಗುಂಡಿ ತೆಗೆಯುತ್ತಿದ್ದೆನೋ ಏನೋ. ಮೊದಲನೆಯದನ್ನು ಹೂಳುವಾಗ ಅತ್ತಿದ್ದ. ಎರಡನೆಯದಕ್ಕೆ ಗುದ್ದಲಿಯ ಹಿಡಿ ಸಡಿಲಾಗಿದೆಯಲ್ಲ ಎಂಬ ಯೋಚನೆಯೊಂದೇ ಬರುತ್ತಿತ್ತು. ಆ ಯೋಚನೆಗಾಗಿ ತನ್ನನ್ನು ತಾನು ಇಂದಿಗೂ ಕ್ಷಮಿಸಿಕೊಂಡಿರಲಿಲ್ಲ. ಹೊರಗೆ ಬಂದು ಸಮುದ್ರದ ಕಟ್ಟೆಯ ಮೇಲೆ ಕುಳಿತ. ನೀರಿನ ಮೇಲೆ ಎಣ್ಣೆಯ ಬಣ್ಣ. ಈ ನೀರನ್ನು ಬಲಕ್ಕೆ ಇಟ್ಟುಕೊಂಡು ನಡೆದರೆ, ನಡೆಯುತ್ತಲೇ ಇದ್ದರೆ, ಒಂದು ದಿನ ಮಂಕಿಯ ದಂಡೆ ಬರಲೇಬೇಕು. ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಈ ಯೋಚನೆ ಪ್ರತಿ ಮಂಗಳವಾರ ಬರುತ್ತಿತ್ತು, ಬಂದಾಗಲೆಲ್ಲ ಒಂದು ಗಳಿಗೆ ಸಮಾಧಾನ ಕೊಟ್ಟು ಹೋಗುತ್ತಿತ್ತು.

ಖಾರ್‌ನ ಆ ಕಟ್ಟಡ ಮೂರಂತಸ್ತಿನದು, ಹಳದಿ ಬಣ್ಣ, ಗೇಟಿನ ಒಳಗೆ ಒಂದು ಬಾದಾಮಿ ಮರ. ಕೆಳಗಿನ ಮನೆಯ ಬಾಗಿಲಲ್ಲಿ ಒಬ್ಬಳು ಕೆಲಸದವಳು, ಬಾಯಿಯವರು ಮಲಗಿದ್ದಾರೆ, ಏಳುವ ತನಕ ನಿಲ್ಲು ಎಂದು ಮರಾಠಿಯಲ್ಲಿ ಹೇಳಿ ಹೋದಳು. ಅವನು ನಿಂತ. ಮರದ ನೆರಳು ಗೋಡೆಯ ಮೇಲಕ್ಕೆ ಸರಿಯಿತು. ಕುಕ್ಕರಗಾಲಲ್ಲಿ ಕುಳಿತರೆ ಪ್ಯಾಂಟು ಹರಿದೀತು, ಮೆಟ್ಟಿಲ ಮೇಲೆ ಕುಳಿತರೆ ಯಾರಾದರೂ ಎಬ್ಬಿಸಿಯಾರು ಎಂದು ನಿಂತೇ ಇದ್ದ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆದು ಬಂದವರು ನರ್ಮದಾಬಾಯಿ. ದಪ್ಪ ಕುಂಕುಮ, ಕೆನ್ನೆಯ ಮೇಲೆ ಇನ್ನೂ ದಿಂಬಿನ ಗುರುತು. ಮರಾಠಿಯಲ್ಲಿ ಕೇಳಿದರು, ಅವನು ಮರಾಠಿಯಲ್ಲಿ ತಡವರಿಸಿದ. ಎರಡು ಮಾತಿನಲ್ಲಿ ಅವರು ಅವನನ್ನು ಹಿಡಿದುಬಿಟ್ಟರು.

"ಎಲ್ಲಿಯವನೋ ನೀನು?"

"ಹೊನ್ನಾವರ ತಾಲೂಕು ಅಮ್ಮ. ಮಂಕಿ."

"ಅಯ್ಯೋ, ಮಂಕಿಯಾ! ನಂದು ಕುಮಟೆ ಅಲ್ವೇನೋ. ಇದನ್ನ ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ? ಸುಮ್ನೆ ಆ ಮರಾಠಿಯ ಕೈಕಾಲು ಮುರೀತಾ ಇದ್ದೆ."

ಆ ಕನ್ನಡ ಕಿವಿಗೆ ಬಿದ್ದದ್ದೇ ಅವನ ಎದೆ ಸಡಿಲಾಯಿತು. ಸಡಿಲಾದ ಕೂಡಲೇ ಕಾಲುಗಳು ತಾವಾಗಿ ಮೆಟ್ಟಿಲಿನಿಂದ ಕೆಳಗಿಳಿದವು, ಚಪ್ಪಲಿ ಬಿಟ್ಟವು. ಊರಿನಲ್ಲಿ ಒಡೆಯರ ಅಂಗಳದಲ್ಲಿ ನಿಲ್ಲುವ ಹಾಗೆ ಅವನು ಬಿಸಿಯೇರಿದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದ. ಅದು ನರ್ಮದಾಬಾಯಿಯವರ ಕಣ್ಣಿಗೆ ಬಿತ್ತು, ಅವರಿಗೆ ಹಿತವಾಯಿತು; ಹಿತವಾದದ್ದು ಅವನಿಗೂ ಕಂಡಿತು. ಐದು ವರ್ಷದಲ್ಲಿ ಈ ಊರು ತನಗೆ ಕಲಿಸಿದ್ದು ಒಂದು ಮಾತಿಗೆ ಹೀಗೆ ಕಳಚಿ ಬಿತ್ತಲ್ಲ ಎಂದು ನಾಚಿಕೆಯಾಯಿತು. ಆದರೆ ಈ ನಾಚಿಕೆಯಿಂದ ಕೆಲಸ ಆಗುವುದಾದರೆ ಆಗಲಿ ಎಂದೂ ಅನ್ನಿಸಿತು. ಅವನು ಚಪ್ಪಲಿ ಮತ್ತೆ ಮೆಟ್ಟಲಿಲ್ಲ.

ಬೆಳಿಗ್ಗೆ ಪಂಪು ಹಾಕುವುದು, ಮೆಟ್ಟಿಲು ತೊಳೆಯುವುದು, ರಾತ್ರಿ ಗೇಟು ಹಾಕುವುದು. ಅದು ಅವನ ಕೆಲಸ. ಹೆಂಡತಿ ಅವರ ಮನೆಯಲ್ಲಿ ಪಾತ್ರೆ, ಬಟ್ಟೆ ನೋಡಿಕೊಳ್ಳಬೇಕು, ಕಾಯಿ ಅರೆಯಬೇಕು. "ಇಲ್ಲಿನವ್ರಿಗೆ ಕಾಯಿ ಅರೆಯೂಕೇ ಬರೂದಿಲ್ಲ ಮಾರಾಯಾ, ರವೆ ರವೆ ಬಿಡ್ತರೆ. ನಮ್ಮನೆಯವ್ರು ಉಣ್ಣೂಕೆ ಕೂತ್ರೆ ಮುಖ ಹೀಗೆ ಮಾಡ್ತರೆ. ನಿನ್ನ ಹೆಂಡ್ತಿ ನುಣ್ಣಗೆ ಅರೀತಾಳಲ್ಲ?" ಅರೆಯುತ್ತಾಳೆ ಎಂದ. ಬೀಗದ ಕೈ ಹಿಡಿದು ಅವರು ಮೆಟ್ಟಿಲ ಕೆಳಗಿನ ಕೋಣೆಗೆ ಕರೆದುಕೊಂಡು ಹೋದರು.

ಬಾಗಿಲ ಹತ್ತಿರ ಅವನು ನೆಟ್ಟಗೆ ನಿಲ್ಲಬಹುದಿತ್ತು. ಅಲ್ಲಿಂದ ಮಾಡು ಇಳಿಯುತ್ತ ಹೋಗಿ, ಆ ತುದಿಯಲ್ಲಿ ಅವನ ಸೊಂಟಕ್ಕಿಂತ ಒಂದು ಗೇಣು ಮೇಲಿತ್ತು. ಸಣ್ಣ ಜಾಲರಿಯ ಕಿಟಕಿಯಿಂದ ಬಾದಾಮಿ ಮರದ ಕಾಂಡ ಕಾಣುತ್ತಿತ್ತು. ಹಿಂದಿನವನು ಒಲೆ ಹೂಡಿದಲ್ಲಿ ಗೋಡೆ ಕಪ್ಪಾಗಿತ್ತು. ಇಲ್ಲಿ ಗಣಪಿಯ ಒಲೆ, ಇಲ್ಲಿ ನೀರಿನ ಕೊಡ, ಹಗ್ಗ ಇಲ್ಲಿಂದ ಇಲ್ಲಿಗೆ. ಆ ತಗ್ಗಾದ ತುದಿಯನ್ನು ನೋಡುತ್ತ ಅವನಿಗೆ ಒಮ್ಮೆಲೇ ಸಂತೋಷವಾಯಿತು: ದೊಡ್ಡವರಿಗೆ ಅಲ್ಲಿ ನೆಟ್ಟಗೆ ನಿಲ್ಲಲು ಆಗದು, ಆದರೆ ಅಂದು ಸೆರಗಿನೊಳಗಿದ್ದ ಸೀತೆ ಈಗ ಅಲ್ಲಿ ನಿಂತು ಓಡಾಡಬಹುದು. ಯಾರೋ ಅವಳ ಎತ್ತರ ಅಳೆದುಕೊಂಡು ಹೋಗಿ ಕಟ್ಟಿದ ಹಾಗಿತ್ತು. ಕಳೆದ ಸಲ ಊರಿಗೆ ಹೋದಾಗ ಅವಳ ತಲೆ ಅವನ ಪಂಚೆಯ ಗಂಟಿಗೆ ಬರುತ್ತಿತ್ತು. ಈಗ ಇನ್ನೂ ಬೆರಳೆರಡು ಬೆಳೆದಿರಬೇಕು.

"ಮಕ್ಕಳು ಎಷ್ಟು ನಿಂಗೆ?" ಎಂದರು ನರ್ಮದಾಬಾಯಿ, ಹಿಂದಿನಿಂದ.

"ನಮ್ಗಿಲ್ಲ," ಎಂದಿತು ಅವನ ಬಾಯಿ.

ಯೋಚಿಸಿ ಹೇಳಿದ್ದಲ್ಲ. ಆ ಮಾತಿಗೆ ಇನ್ನೊಂದು ಅರ್ಧವಿತ್ತು, 'ಕಮಲಿಗುಂಟು' ಎಂಬುದು. ಮಂಕಿಯಲ್ಲಿ ಯಾರೇ ಕೇಳಿದರೂ ಗಂಡ ಹೆಂಡತಿ ಇಬ್ಬರೂ ಒಂದೇ ಉಸಿರಿಗೆ ಹೇಳಬೇಕಾದ ಉತ್ತರ ಅದು: ನಮಗಿಲ್ಲ, ಕಮಲಿಗುಂಟು. ಎರಡು ಕೂಸುಗಳು ಹೋದ ಮೇಲೆ ಮೂರನೆಯದು ಹುಟ್ಟಿದಾಗ ಅವನ ತಾಯಿ, ಇದನ್ನ ನಮ್ಮದು ಅಂತ ಇಟ್ಕಂಡ್ರೆ ಅದೂ ಕೇಳಿಸ್ಕಂಡು ಬರ್ತದೆ ಎಂದಿದ್ದಳು. ಯಾವುದು ಎಂದು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಹನ್ನೊಂದನೆಯ ದಿನ ಕೂಸನ್ನು ಅಕ್ಕಿ ಕೇರುವ ಗೆರಸಿಯಲ್ಲಿ ಮಲಗಿಸಿ ಗೊಬ್ಬರಗುಂಡಿಯ ಅಂಚಿಗೆ ಇಟ್ಟು ಬಂದರು. ಪಕ್ಕದ ಮನೆಯ ಕಮಲಿ ದಾರಿಹೋಕಳಂತೆ ಬಂದು ಇದು ಯಾರ ಕೂಸು ಎಂದು ಗಟ್ಟಿಯಾಗಿ ಕೇಳಿದಳು. ಗೊತ್ತಿಲ್ಲ, ನಮ್ಮದಲ್ಲ ಎಂದು ದುರ್ಗ ಗಟ್ಟಿಯಾಗಿ ಹೇಳಬೇಕಿತ್ತು. ನಗು ಬಂದುಬಿಟ್ಟಿತು, ತಾಯಿ ಬೆನ್ನಿಗೊಂದು ಬಿಟ್ಟಳು, ನಗು ಅಡಗಿಸಿಕೊಂಡು ಹೇಳಿದ. ಕಮಲಿ ಒಂದು ಸೇರು ತೌಡು ಅಂಗಳಕ್ಕೆ ಸುರಿದು ಕೂಸನ್ನು ಕೊಂಡುಕೊಂಡಳು, ಸೀತೆ ಎಂದು ಅವಳೇ ಹೆಸರಿಟ್ಟಳು, ಹಾಲು ಕುಡಿಸಲು ಗಣಪಿಯ ಕೈಗೆ ಕೊಟ್ಟಳು, ಎರವಲು ಕೊಟ್ಟ ಹಾಗೆ. ಅಂದಿನಿಂದ ಕೂಸು ಉಳಿಯಿತು. ಜನಗಣತಿಗೆ ಬಂದ ಮಾಸ್ತರರು, ಮೊಲೆ ಕುಡಿಸಿದವಳು ನೀನು, ಮಗಳು ಅವಳದು, ಇದೆಂಥಾ ಲೆಕ್ಕ ಎಂದು ಬೈದರೂ ಗಣಪಿ, ನಮಗಿಲ್ಲ, ಕಮಲಿಗುಂಟು ಎಂದೇ ಹೇಳಿದ್ದಳಂತೆ. ಸೀತೆಯ ಮದುವೆಯ ದಿನ ತೌಡು ಹಿಂದೆ ಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಹಾಗೆಯೇ.

"ಒಳ್ಳೇದಾತು," ಎನ್ನುತ್ತಿದ್ದರು ನರ್ಮದಾಬಾಯಿ. ಅವನ ಮಾತಿನ ಎರಡನೆಯ ಅರ್ಧ ಬರುವ ಮೊದಲೇ ಅವರ ಮಾತು ಶುರುವಾಗಿತ್ತು. "ನಾ ಮೊದ್ಲೇ ಕೇಳ್ಬೇಕಿತ್ತು. ಮಕ್ಕಳಿದ್ದೋರು ಬೇಡವೇ ಬೇಡ ಅಂತ ಮೇಲಿನ ಮನೆಯವ್ರೆಲ್ಲ ಹಟ ಹಿಡ್ದು ಕೂತಿದ್ದಾರೆ. ಹಿಂದಿನವನ ಮಕ್ಕಳು ಗೋಡೆ ತುಂಬ ಇದ್ದಿಲಲ್ಲಿ ಗೀಚಿ, ಮೆಟ್ಟಿಲ ಮೇಲೆ ಹೊಲಸು ಮಾಡಿ, ಒಂದಾ ಎರಡಾ. ಅವನೂ ಮೊದ್ಲು ಇಲ್ಲ ಅಂತಲೇ ಹೇಳಿದ್ದ. ಆಮೇಲೆ ಅಕ್ಕನ ಮಗ, ತಂಗಿ ಮಗಳು ಅಂತ ಒಂದೊಂದೇ ತಂದು ಇಳಿಸ್ದ. ನೀ ಹಾಗೆ ಮಾಡೂದಿಲ್ವಲ್ಲ?"

ಈಗ ಹೇಳಬೇಕು. ಈಗ ಹೇಳದಿದ್ದರೆ ಇಲ್ಲ. ಅರ್ಧ ಮಾತು ನಾಲಿಗೆಯ ಮೇಲೆಯೇ ಇತ್ತು. ಅದನ್ನು ಮುಗಿಸಿದರೆ ಸಾಕು, ಸುಳ್ಳಾಡಿದಂತೆಯೂ ಆಗುವುದಿಲ್ಲ, ಊರಿನ ಪದ್ಧತಿ ಅಮ್ಮ ಎಂದರೆ ಕುಮಟೆಯವರಿಗೆ ತಿಳಿಯದ ವಿಷಯವೂ ಅಲ್ಲ. ತಿಳಿಯುತ್ತದೆ, ನಗುತ್ತಾರೆ, ಆಮೇಲೆ ಬೀಗದ ಕೈ ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಮತ್ತೆ ಮಂಗಳವಾರಗಳು. ಮತ್ತೆ ಮೇಜಿನ ಮೇಲೆ ನಿದ್ದೆ. ಗಣಪಿ ಕಳೆದ ಸಲ ಹೊರಡುವಾಗ ಧಕ್ಕೆಗೆ ಬಂದಿರಲಿಲ್ಲ. ಅಂಗಳದಲ್ಲೇ ನಿಂತು, ಈ ಸಲ ಎಂತದೂ ಹೇಳ್ಬೇಡಿ, ಸುಮ್ನೆ ಹೋಗಿ ಬನ್ನಿ ಎಂದಿದ್ದಳು. ಮೇಲೆ ಎಲ್ಲೋ ಟಾಕಿ ತುಂಬಿ ನೀರು ಗೋಡೆಯ ಮೇಲೆ ಇಳಿಯುವ ಸದ್ದು. ನರ್ಮದಾಬಾಯಿ ಕಾಯುತ್ತಿದ್ದರು. ಅವರ ಕಣ್ಣಿನಲ್ಲಿ ಸಂಶಯವಿರಲಿಲ್ಲ. ಊರಿನವನು ಸಿಕ್ಕಿದನಲ್ಲ ಎಂಬ ಗೆಲುವಿತ್ತು.

"ಯಾರೂ ಇಲ್ಲ ಅಮ್ಮ," ಎಂದ ದುರ್ಗ.

"ಪಾಪ," ಎಂದರು ಅವರು. ನಿಜವಾಗಿಯೇ ಮರುಗಿ ಹೇಳಿದ್ದು. ಕೀಲಿಕೈಯನ್ನು ಅವನ ಅಂಗೈಗೆ ಮೇಲಿನಿಂದ, ಮುಟ್ಟದೆ, ಬಿಟ್ಟರು.

ವಾಪಸು ಬರುವ ಗಾಡಿಯಲ್ಲಿ ಜನ ಹಿಂದಿನಿಂದ ಒತ್ತುತ್ತಿದ್ದರು. ಕೀಲಿಕೈ ನಾಗನ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಚುಚ್ಚುತ್ತಿತ್ತು. ತಾನು ಹೇಳಿದ್ದು ಪದ್ಧತಿಯಂತೆ ಹೇಳಬೇಕಾದದ್ದನ್ನೇ ಅಲ್ಲವೇ ಎಂದು ವಾದ ಹೂಡಿದ. ಐದು ವರ್ಷದಿಂದ ಹೇಳುತ್ತ ಬಂದದ್ದು ತಾನೇ. ಆದರೆ ಅಲ್ಲಿ ಹೇಳುವಾಗ ಕೂಸು ಬದಿಯಲ್ಲೇ ಇರುತ್ತಿತ್ತು, ಸೆರಗು ಹಿಡಿದು, ಮೂಗು ಸುರಿಸುತ್ತ. ಕೇಳಿದವರಿಗೂ ಹೇಳಿದವರಿಗೂ ಗೊತ್ತಿರುತ್ತಿತ್ತು. ತಾಯಿ ಹೆಸರು ಹೇಳದ ಆ ಒಂದನ್ನೇ ಮೋಸ ಮಾಡಲು ಊರೆಲ್ಲ ಸೇರಿ ಆಡುವ ಮಾತು ಅದು. ಇಂದು ಕೇಳಿದವರು ನಂಬಿದರು. ಹಾಗಾದರೆ ಕಿವಿಗೊಟ್ಟು ಕಾಯುತ್ತಿರುವ ಅದು ಈ ವ್ಯತ್ಯಾಸವನ್ನು ತಿಳಿದೀತೆ? ಈ ಮನುಷ್ಯ ಈಗ ನಿಜವಾಗಿಯೂ ಬಿಟ್ಟುಕೊಟ್ಟ ಎಂದುಕೊಂಡೀತೆ? ಬಾಂದ್ರಾ, ಮಾಹಿಮ್. ಕೊಳಚೆಯ ವಾಸನೆ. ತನ್ನ ತಾಯಿಯಂಥ ಮುದುಕಿಯರು ನಂಬುವುದನ್ನು ತಾನು ಎಂದೂ ನಂಬಿದವನಲ್ಲ, ಗೆರಸಿಯ ಮುಂದೆ ನಕ್ಕವನು; ಈಗ ಕಬ್ಬಿಣದ ಕಂಬಿ ಹಿಡಿದು ನಿಂತು ಬೆವರುತ್ತಿದ್ದ. ನಂಬದೆ ಇದ್ದರೆ ತಾನು ಮಾಡಿದ್ದು ಇನ್ನೂ ಸಣ್ಣದಾಗುತ್ತಿತ್ತು: ಒಂದು ಕೋಣೆಗಾಗಿ ಆಡಿದ ಸುಳ್ಳು. ಅದಕ್ಕಿಂತ ಹೆದರುವುದೇ ಮೇಲು ಎನ್ನಿಸಿತು.

ಹೊಟೆಲಿನ ಹಿತ್ತಲಲ್ಲಿ ನಾಗ ಬಟಾಟೆ ಸುಲಿಯುತ್ತ ಕುಳಿತಿದ್ದ. ಕೀಲಿಕೈ ನೋಡಿ, ಕೂತಲ್ಲಿಂದಲೇ ಒಂದು ಸಿಳ್ಳೆ ಹಾಕಿದ. "ಆತಲ್ಲಾ ಕೆಲಸ! ಇನ್ನು ನನ್ನ ಪ್ಯಾಂಟಿಗೆ ಯಾರೂ ಗಿರಾಕಿ ಇಲ್ಲ. ಕೋಣೆ ಹ್ಯಾಂಗುಂಟು? ಮೂರು ಜನಕ್ಕೆ ಆಗ್ತದ್ಯಾ?"

"ಇಬ್ರಿಗೆ."

"ಮಗ್ಳು?"

"ಮಕ್ಕಳು ಬೇಡ ಅಂತರೆ ಅವರು."

ನಾಗ ಬಟಾಟೆಯನ್ನು ಕೈಯಲ್ಲಿ ತಿರುಗಿಸಿದ. ಅವನಿಗೂ ಊರಿನಲ್ಲಿ ಮಕ್ಕಳಿದ್ದರು, ಹೆಸರು ಹೇಳಿ ಬೈಯುತ್ತಿದ್ದುದರಿಂದ ಎಲ್ಲರಿಗೂ ಅವುಗಳ ಹೆಸರು ಗೊತ್ತಿತ್ತು. "ಹಾಂಗಾರೆ ಬೇಡ ಅಂತ ಹೇಳಿ ಬಪ್ಪುಕೆ ಆಗ್ಲಿಲ್ವಾ ನಿಂಗೆ?" ಎಂದ. ಮತ್ತೆ ಸುಲಿಯತೊಡಗಿ, "ನಾನಾದ್ರೂ ಹೇಳ್ತಿರ್ಲಿಲ್ಲ, ಬಿಡು" ಎಂದ. ಅವತ್ತು ಅವನು ದುರ್ಗಕ್ಕ ಎನ್ನಲಿಲ್ಲ. ಅದು ದುರ್ಗನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಊರಿಗೆ ಕಾಗದ ಬರೆದವನೂ ನಾಗನೇ. ಕೋಣೆ ತೀರ ಸಣ್ಣದು, ಮಗು ಸದ್ಯಕ್ಕೆ ಕಮಲಿಯ ಹತ್ತಿರ ಇರಲಿ ಎಂದು ಬರೆ ಎಂದ ದುರ್ಗ. ನಾಗ ತಲೆಯೆತ್ತದೆ ಬರೆದ.

ಗಣಪಿ ಕೊಯ್ಲು ಮುಗಿಸಿ ಬಂದಳು. ರೈಲಿನಿಂದ ಇಳಿದವಳು ಒಣಮೀನಿನ ಗಂಟನ್ನು ಎದೆಗೊತ್ತಿಕೊಂಡು ನಿಂತಿದ್ದಳು, ಜನರ ನಡುವೆ ಒಂದು ಕೈ ಹಿಂದಕ್ಕೆ ಚಾಚಿ ಬೆರಳು ಬಿಡಿಸಿ, ಯಾರಿಗೋ ಹಿಡಿದುಕೊಳ್ಳಲು ಕೊಟ್ಟಂತೆ. ಆಮೇಲೆ ನೆನಪಾಗಿ ಆ ಕೈಯನ್ನೂ ಗಂಟಿನ ಮೇಲೆ ಇಟ್ಟುಕೊಂಡಳು. ಕೋಣೆಯ ಬಾಗಿಲು ತೆಗೆದಾಗ ಒಳಗೆ ಹೋಗಿ, ನಡು ಬಗ್ಗಿಸಿ, ಆ ತಗ್ಗಾದ ತುದಿಯವರೆಗೂ ಹೋಗಿ ನೆಲ ಮುಟ್ಟಿ ನೋಡಿ ಬಂದಳು.

"ಸಣ್ಣದು ಅಂತ ಬರ್ಸಿದ್ರಿ," ಎಂದಳು. "ಮೂರು ಚಾಪೆ ಬೀಳ್ತದೆ ಇಲ್ಲಿ."

ಅವನು ಹೇಳಿದ. ಬಾಯಿಯವರು ಕೇಳಿದ್ದು, ಮೇಲಿನ ಮನೆಯವರ ಹಟ, ಹಿಂದಿನವನು ಮಾಡಿದ್ದು. ಎಲ್ಲವನ್ನೂ ಹೇಳಿದ, ತನ್ನ ಮಾತೊಂದನ್ನು ಬಿಟ್ಟು. ಅವಳು ಗಂಟು ಬಿಚ್ಚುತ್ತ ಕೇಳಿದಳು. ಬಿಚ್ಚುವುದನ್ನು ನಿಲ್ಲಿಸಿ, ಮುಖ ನೋಡಿದಳು.

"ನೀವೆಂತ ಅಂದ್ರಿ? ಕಮಲಿದು ಅಂದ್ರ್ಯಾ, ಇಲ್ಲೇ ಇಲ್ಲ ಅಂದ್ರ್ಯಾ?"

ತಮ್ಮ ಬಾಗಿಲಿನಿಂದ ನರ್ಮದಾಬಾಯಿ ಕೂಗಿದರು, ಬಂದ್ಲೇನೋ ನಿನ್ನ ಹೆಂಡ್ತಿ, ಕಾಯಿ ಒಡೆದಿಟ್ಟಿದ್ದೇನೆ ಎಂದು. ದುರ್ಗ ಬಗ್ಗಿ, ಅವಳು ಅರ್ಧಕ್ಕೆ ಬಿಟ್ಟ ಗಂಟನ್ನು ತಾನೇ ಬಿಚ್ಚತೊಡಗಿದ. ಗಣಪಿ ಸೀರೆಯ ಅಂಚನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಅರೆಯಲು ಹೋದಳು.

ಇಬ್ಬರನ್ನೂ ಕರೆಸಿಕೊಳ್ಳುತ್ತೇನೆ ಎಂದಿದ್ದ. ಒಬ್ಬಳನ್ನು ಕರೆಸಿಕೊಂಡ.